ಗೇರ್‌ಗಳ ಬಡ್ತಿ ಹಾಗೂ ಹಿಂಬಡ್ತಿ ಕುರಿತು

ಭಾರಿ ಸರಕು ಸಾಗಣೆ ನಿಗಮದ ನಲವತ್ತೆರಡು ಲಾರಿಗಳೂ ಇನ್ನು ಮುಂದೆ ಎಂಜಿನ್ ನಿಮಿಷಕ್ಕೆ ಸಾವಿರದ ನೂರು ಸುತ್ತು ಮುಟ್ಟಿದ ಕೂಡಲೇ ಮೇಲಿನ ಗೇರಿಗೆ ಹೋಗತಕ್ಕದ್ದು ಎಂದು ಆದೇಶವಾಯಿತು. ಹೊರೆ ಇರಲಿ, ಇಲ್ಲದಿರಲಿ. ರಸ್ತೆ ಏರಿರಲಿ, ಇಳಿದಿರಲಿ. ಡೀಸೆಲ್ ಉಳಿತಾಯ ಪಾಕ್ಷಿಕದ ಅಂಗವಾಗಿ ಹೊರಟ ಈ ಆದೇಶಕ್ಕೆ ಮ್ಯಾನೇಜರು ಸಹಿ ಹಾಕಿದ್ದು ಸಮತಟ್ಟಾದ ಮೇಜಿನ ಮೇಲಾದ್ದರಿಂದ ಏರಿನ ವಿಚಾರ ಅವರಿಗೆ ಹೊಳೆಯಲಿಲ್ಲ.

ಈ ಲಾರಿಗಳಲ್ಲಿ ಕ್ಲಚ್ ತುಳಿದು ಗೇರ್ ಎಳೆಯುವ ರಗಳೆ ಇಲ್ಲ. ಯಾವಾಗ ಬದಲಿಸಬೇಕೆಂದು ಗೇರ್ ಪೆಟ್ಟಿಗೆಯೇ ತೀರ್ಮಾನಿಸುತ್ತದೆ. ಆ ಪೆಟ್ಟಿಗೆಗೆ ಬುದ್ಧಿ ಹೇಳುವವಳು ವರ್ಕ್‌ಶಾಪಿನಲ್ಲಿದ್ದ ಒಬ್ಬಳೇ ಹೆಂಗಸು. ಸ್ಟೀರಿಂಗ್ ಕೆಳಗೆ ವೈರ್ ಸಿಕ್ಕಿಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸೆಟ್ಟಿಂಗ್ ತಿದ್ದುತ್ತಿದ್ದ ಅವಳನ್ನು ಎಲ್ಲರೂ ಲ್ಯಾಪ್‌ಟಾಪಕ್ಕ ಎನ್ನುತ್ತಿದ್ದರು. ಇದು ಸರಿಹೋಗುವುದಿಲ್ಲ ಎಂದು ಗೊತ್ತಿದ್ದೂ, ಆದೇಶ ಆದೇಶವೇ ಎಂದು ಎರಡೇ ದಿನದಲ್ಲಿ ನಲವತ್ತೆರಡನ್ನೂ ತಿದ್ದಿ ಮುಗಿಸಿದಳು.

ಮೂರನೇ ದಿನ ಹದಿನೇಳನೇ ನಂಬರ್ ಲಾರಿಯ ಡ್ರೈವರು ಧೂಳು ಕೊಡವುತ್ತ ಒಳಗೆ ಬಂದ. ಅವನು ಅವಳ ಒಡಹುಟ್ಟಿದ ಅಣ್ಣ.

"ಏನೇ ಮಾಡಿಟ್ಟಿದೀಯ ನನ್ನ ಗಾಡಿಗೆ? ಕಲ್ಲು ತುಂಬಿಕೊಂಡು ಕ್ವಾರಿಯಿಂದ ಮೇಲೆ ಬರುವಾಗ ಸುಮ್ಮಸುಮ್ಮನೆ ಮೂರಕ್ಕೆ ಹೋಗುತ್ತೆ, ಉಸಿರು ಕಟ್ಟುತ್ತೆ, ಎರಡಕ್ಕೆ ಬೀಳುತ್ತೆ, ಮತ್ತೆ ಮೂರು! ಒಂದಿನ ಹಿಂದಕ್ಕೆ ಜಾರಿದರೆ ನಿನ್ನ ಅತ್ತಿಗೆಗೆ ನೀನೇ ಉತ್ತರ ಹೇಳ್ಕೋ."

"ಆದೇಶ ಕಣೋ ಅಣ್ಣ."

"ಆದೇಶಾನ ಒಂದ್ಸಲ ನನ್ನ ಸೀಟಲ್ಲಿ ಕೂರಿಸು, ನೋಡೋಣ."

ಅವಳಿಗೆ ರಾತ್ರಿಯ ಊಟ ರುಚಿಸಲಿಲ್ಲ. ಮರುದಿನ ಒಂದು ಪುಟದ ಟಿಪ್ಪಣಿ ಬರೆದಳು: ಹೊರೆ ಇರುವ ಲಾರಿ ಏರಿನಲ್ಲಿ ಸಾವಿರದ ಆರುನೂರು ಸುತ್ತಿನವರೆಗೂ ಕೆಳಗಿನ ಗೇರಿನಲ್ಲೇ ಇರಬೇಕು, ಬೇಕಾದಾಗ ಇನ್ನೂ ಕೆಳಗಿಳಿಯಬೇಕು. ಮೇಲೇರುವುದು, ಕೆಳಗಿಳಿಯುವುದು ಎಂಬ ಪದಗಳನ್ನು ಕಂಡ ಟಪಾಲು ವಿಭಾಗ ಕಡತವನ್ನು ಸರಿಯಾದ ಜಾಗಕ್ಕೇ ಕಳಿಸಿತು. ಸಿಬ್ಬಂದಿ ಶಾಖೆಗೆ.

ಅಲ್ಲಿನ ಹಿರಿಯ ಗುಮಾಸ್ತರು ಅವಳನ್ನು ಕರೆಸಿ ಕೂರಿಸಿದರು. "ಎರಡನೇ ಗೇರನ್ನ ಎರಡರಲ್ಲೇ ಇಡಿ ಅಂತೀರಲ್ಲಮ್ಮ, ಬಡ್ತಿ ತಡೆಹಿಡಿಯೋಕೆ ಕಾರಣ?"

"ಭಾರ ಇರುತ್ತೆ ಸಾರ್."

"ಭಾರ ಯಾರಿಗಿಲ್ಲ ಹೇಳಿ? ಎರಡು ಮೇಜಿನ ಕೆಲಸ ನಾನೊಬ್ಬನೇ ಹೊರ್ತಿಲ್ವಾ? ಇನ್ನು ಮೂರರಿಂದ ಎರಡಕ್ಕೆ ಇಳಿಸ್ತೀರಿ. ಅದು ಹಿಂಬಡ್ತಿ. ನೋಟಿಸ್ ಕೊಟ್ಟಿದೀರಾ?"

"ಯಾರಿಗೆ ಸಾರ್?"

"ಮೂರನೇ ಗೇರಿಗೆ."

ಗುಮಾಸ್ತರು ತಮಾಷೆ ಮಾಡುವ ಪೈಕಿಯವರಲ್ಲ. ಕನ್ನಡಕ ಒರೆಸಿಕೊಂಡು ನಿಯಮವನ್ನು ಓದಿ ಹೇಳಿದರು. ‘ಸಂಬಂಧಿತ ಗೇರಿನಿಂದ ಏಳು ದಿನಗಳೊಳಗೆ ಲಿಖಿತ ವಿವರಣೆ ಪಡೆದು ಮಂಡಿಸುವುದು’ ಎಂಬ ಷರಾದೊಂದಿಗೆ ಕಡತ ವಾಪಸಾಯಿತು.

ಗೇರಿನ ವಿವರಣೆ ಬರುವವರೆಗೆ ಅಣ್ಣನ ಜೀವ ತಡೆದೀತೆಂಬ ನಂಬಿಕೆ ಅವಳಿಗಿರಲಿಲ್ಲ. ಊಟದ ಬಿಡುವಿನಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ, ಹದಿನೇಳನೇ ಲಾರಿಯ ಸೆಟ್ಟಿಂಗನ್ನು ಸರಿಮಾಡಿಬಿಟ್ಟಳು. ಅಂದು ಲಾರಿ ಇಪ್ಪತ್ತು ಟನ್ ಕಲ್ಲು ಹೊತ್ತು ಏರನ್ನು ಆನೆಯ ಹಾಗೆ ಹತ್ತಿ, ಐವತ್ತು ನಿಮಿಷದ ದಾರಿಯನ್ನು ಇಪ್ಪತ್ತೆರಡು ನಿಮಿಷದಲ್ಲಿ ಮುಗಿಸಿ, ಗೇಟಿನಲ್ಲಿ ಸಿಕ್ಕಿಬಿತ್ತು.

ಬೇಗ ಬಂದದ್ದಕ್ಕೆ ಅಣ್ಣನಿಗೊಂದು ಮೆಮೊ, ಬೇಗ ಬರಿಸಿದ್ದಕ್ಕೆ ತಂಗಿಗೊಂದು ಮೆಮೊ. ಮ್ಯಾನೇಜರು ನೊಂದುಕೊಂಡೇ ಮಾತಾಡಿದರು. "ಒಂದು ಲಾರಿ ಬೇಗ ಬಂದರೆ, ಉಳಿದ ನಲವತ್ತೊಂದು ತಡವಾಗಿ ಬಂದಂತೆ ಕಾಣಲ್ವೇನಮ್ಮಾ? ಅವುಗಳ ಡ್ರೈವರುಗಳಿಗೂ ಹೆಂಡತಿ ಮಕ್ಕಳಿದ್ದಾರೆ."

ಅವರೇ ಲಾರಿ ಹತ್ತಿ, ಅವಳ ಪಕ್ಕ ಕೂತು, ಆದೇಶದ ಸೆಟ್ಟಿಂಗನ್ನೇ ಮತ್ತೆ ಹಾಕಿಸಿದರು. ಅವಳ ಬೆರಳು ಗುಂಡಿಯ ಮೇಲೆ ತುಸು ಹೊತ್ತು ನಿಂತಿತು. ಅದನ್ನೂ ಅವರು ಕರ್ತವ್ಯ ವಿಳಂಬವೆಂದು ಬರೆದುಕೊಂಡರು.

ಮರುದಿನ ಬೆಳಿಗ್ಗೆ ಹದಿನೇಳನೇ ಲಾರಿ ಏರಿನ ನಡುವೆ ಆದೇಶದ ಪ್ರಕಾರ ಮೂರನೇ ಗೇರಿಗೆ ಹೋಯಿತು, ಎಂಜಿನ್ ಆರಿತು, ಲಾರಿ ಹಿಂದಕ್ಕೆ ಜಾರಿ ಜಲ್ಲಿರಾಶಿಗೆ ಗುದ್ದಿ ನಿಂತಿತು. ಅಣ್ಣನ ಎಡಗೈ ಮುರಿಯಿತು. ಆಸ್ಪತ್ರೆಯಲ್ಲಿ ಅತ್ತಿಗೆ ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಎನಿಸಿತು ಲ್ಯಾಪ್‌ಟಾಪಕ್ಕನಿಗೆ.

ತನಿಖಾ ಸಮಿತಿಯ ಮೂವರು ಸದಸ್ಯರು ಖಾಲಿ ಲಾರಿಯಲ್ಲಿ ಕಚೇರಿಯ ಅಂಗಳವನ್ನು ನಾಲ್ಕು ಸುತ್ತು ಹಾಕಿ, ಗೇರ್ ಬದಲಾದದ್ದೇ ತಿಳಿಯಲಿಲ್ಲ, ಅಷ್ಟು ಹಿತವಾಗಿತ್ತು ಎಂದು ವರದಿ ಕೊಟ್ಟರು. ತಪ್ಪು ಏರಿನದು ಎಂದಾಯಿತು. ಏರನ್ನು ತಗ್ಗಿಸುವುದು ಬೇರೆ ಇಲಾಖೆಯ ವ್ಯಾಪ್ತಿಗೆ ಬರುವುದರಿಂದ, ಅಲ್ಲಿಯವರೆಗೆ ಲಾರಿಗಳನ್ನು ಟ್ರ್ಯಾಕ್ಟರ್‌ಗಳಿಂದ ಎಳೆಸಲು ಟೆಂಡರ್ ಕರೆಯಲಾಯಿತು. ಪ್ರಕಟಣೆಯನ್ನು ಸಾರ್ವಜನಿಕರ ಅವಗಾಹನೆಗಾಗಿ ಮ್ಯಾನೇಜರ ಭಾವಮೈದುನನ ಮನೆಯ ಒಳಬಾಗಿಲಿಗೆ ಅಂಟಿಸಿದ್ದರೂ, ಅದೃಷ್ಟವಶಾತ್ ಅದು ಭಾವಮೈದುನನ ಕಣ್ಣಿಗೆ ಬಿತ್ತು.

ಎಳೆಯುವಾಗ ಲಾರಿಗಳು ನ್ಯೂಟ್ರಲ್‌ನಲ್ಲೇ ಇರುತ್ತಿದ್ದುದರಿಂದ ಗೇರ್ ದೂರುಗಳು ಪೂರ್ತಿ ನಿಂತವು. ಲಾರಿಗಳ ಡೀಸೆಲ್ ಖರ್ಚು ಅರ್ಧಕ್ಕಿಳಿಯಿತು. ಟ್ರ್ಯಾಕ್ಟರ್‌ಗಳ ಡೀಸೆಲ್ ಪಾಕ್ಷಿಕದ ವ್ಯಾಪ್ತಿಯಲ್ಲಿರಲಿಲ್ಲ. ಮ್ಯಾನೇಜರಿಗೆ ಪದಕ ಬಂತು. ಲ್ಯಾಪ್‌ಟಾಪಕ್ಕನಿಗೂ ಒಂದು ಪ್ರಶಸ್ತಿಪತ್ರ ಕೊಟ್ಟರು.

ಕೈ ಕೂಡಿಕೊಂಡ ಮೇಲೆ ಅಣ್ಣ ಕೆಲಸಕ್ಕೆ ಬಂದ. ಅವನು ಕೂಗಾಡುತ್ತಾನೆಂದು ಅವಳು ಕಾದಳು.

"ಪರವಾಗಿಲ್ಲ ಕಣೇ," ಅಂದ ಅವನು. "ಮೇಲೆ ಬರೋ ಹೊತ್ತಿಗೆ ಒಂದು ಒಳ್ಳೆ ನಿದ್ದೆ ಆಗುತ್ತೆ."

ಆ ವಾರವೇ ಖರೀದಿ ವಿಭಾಗದಿಂದ ಅವಳ ಮೇಜಿಗೆ ಕಡತವೊಂದು ಬಂತು. ಹೇಗೂ ಟ್ರ್ಯಾಕ್ಟರ್‌ಗಳೇ ಎಳೆಯುವುದರಿಂದ, ಮುಂದಿನ ವರ್ಷ ಗೇರ್ ಪೆಟ್ಟಿಗೆಯೇ ಇಲ್ಲದ ಇಪ್ಪತ್ತು ಲಾರಿಗಳನ್ನು ಕೊಳ್ಳಲು ಉದ್ದೇಶಿಸಿದ್ದು, ತಾಂತ್ರಿಕ ಅಭಿಪ್ರಾಯ ಕೋರಲಾಗಿತ್ತು. ಅವಳು ಎರಡು ಸಲ ಓದಿದಳು. ಲ್ಯಾಪ್‌ಟಾಪ್ ಮುಚ್ಚಿದಳು. ಪೆನ್ನು ತೆಗೆದು, ‘ಗೇರ್ ಸಂಬಂಧಿತ ತೊಂದರೆ ಉದ್ಭವಿಸುವ ಸಂಭವವಿಲ್ಲ’ ಎಂದು ದುಂಡಗೆ ಬರೆದು ಸಹಿ ಮಾಡಿದಳು.