ಮೇಜಿನ ಕೆಳಗಿನ ಮೂಲಪ್ರತಿ

ಎಲ್ಲವೂ ಕೆಡಲು ಶುರುವಾದದ್ದು ಜುಲೈ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ. ನನ್ನ ಸೋದರಮಾವನನ್ನು ಸಿಡಿಲು ಹುಡುಕಿಕೊಂಡು ಬಂತು ಎಂದು ಕಾಪುವಿನಲ್ಲಿ ಇವತ್ತಿಗೂ ಹೇಳುತ್ತಾರೆ. ಅಪ್ಪಟ ಸುಳ್ಳು. ಸಿಡಿಲಿಗೆ ಸಮನ್ಸ್ ಕಳಿಸಿ ಕರೆಸಿಕೊಂಡವರು ಮಾವನೇ. ಆ ಸಮನ್ಸಿಗೆ ಸಹಿ ಬಿದ್ದ ಗಳಿಗೆ ಅದು. ಪ್ರತಿವಾದಿ ಹಾಜರಾದದ್ದು ಅಕ್ಟೋಬರಿನಲ್ಲಿ.

ಮಾವ ವಕೀಲರು. ಮನೆ ಕಾಪುವಿನಲ್ಲಿ, ಕಚೇರಿ ಉಡುಪಿಯಲ್ಲಿ, ಅದರದೊಂದು ಚಿಕ್ಕ ಶಾಖೆ ಕಾರ್ಕಳದಲ್ಲಿ. ಕಾನೂನು ಪದವಿ ಮುಗಿಸಿದ ನಾನು ಅವರ ಮನೆಯಲ್ಲೇ ಉಂಡು ಮಲಗಿ, ಅವರ ಕಚೇರಿಯಲ್ಲೇ ಜೂನಿಯರ್ ಆಗಿದ್ದೆ. ಎರಡು ಊರಿನ ಕಚೇರಿ ಎಂದ ಮೇಲೆ ಗೊಂದಲ ಇರಬೇಕಲ್ಲ? ಕಾರ್ಕಳದ ಕಲ್ಲುಕೋರೆ ಮಾಲಕರೊಬ್ಬರಿಗೆ, ಸಮುದ್ರದಲ್ಲಿ ಎರಡು ದೋಣಿ ಡಿಕ್ಕಿಯಾದ ಕೇಸಿನ ಬಿಲ್ಲು ಹೋಯಿತು. ಅವರು ಸಮುದ್ರಕ್ಕೆ ಕಾಲು ಇಳಿಸಿದವರೇ ಅಲ್ಲ. ಬಿಲ್ಲು ಮಾಡಲು ಒಂದು ಸಾಫ್ಟ್‌ವೇರ್ ಬೇಕೇ ಬೇಕು ಎಂದು ನಾನು ಹಟ ಹಿಡಿದೆ.

ಆದರೆ ಮಾವನಿಗೊಂದು ವ್ರತ ಇತ್ತು. ಕಕ್ಷಿದಾರನ ಹೆಸರು ಕಚೇರಿಯ ಗೋಡೆ ದಾಟಬಾರದು. ಯಾರು ತಮ್ಮ ಬಳಿ ಕೇಸು ಕೊಟ್ಟಿದ್ದಾರೆ ಎಂಬುದೂ ಗುಟ್ಟು! ಹೊರಗೆ ಕಕ್ಷಿದಾರರು ಎದುರಾದರೆ ಮಾವ ಅವರ ಮುಖವನ್ನು ಗೋಡೆ ನೋಡಿದ ಹಾಗೆ ನೋಡಿ ಮುಂದೆ ಹೋಗುತ್ತಿದ್ದರು. ಒಂದು ಮದುವೆಯಲ್ಲಿ ಒಬ್ಬರು ಓಡಿ ಬಂದು ಕೈ ಹಿಡಿದರೆ, "ಕ್ಷಮಿಸಿ, ತಮ್ಮ ಪರಿಚಯ ಆಗಲಿಲ್ಲ" ಎಂದುಬಿಟ್ಟರು. ಆ ಮನುಷ್ಯ ಅತ್ತೆಯ ಸ್ವಂತ ತಮ್ಮ. ಹಿಂದಿನ ವಾರವಷ್ಟೇ ಒಂದು ಜಾಗದ ದಾವೆಯ ವಕಾಲತ್ತಿಗೆ ಸಹಿ ಹಾಕಿದ್ದರು. ಅತ್ತೆ ಮಾವನ ಹತ್ತಿರ ಹದಿನೈದು ದಿನ ಮಾತು ಬಿಟ್ಟರು. ಮನೆಯಲ್ಲಿ ಇಷ್ಟು ಶಾಂತಿ ಯಾವತ್ತೂ ಇರಲಿಲ್ಲ ಎಂದು ಮಾವ ಮೆಚ್ಚಿಕೊಂಡರು.

ಇಂಥವರ ಎದುರಿಗೆ ಆ ಶನಿವಾರ ಮಣಿಪಾಲದಿಂದ ಒಬ್ಬ ಯುವಕ ಟೈ ಕಟ್ಟಿಕೊಂಡು ಬಂದ. ಈಗ ಎಲ್ಲರೂ ಕ್ಲೌಡ್ ಎನ್ನುತ್ತಾರೆ. ಆಗಿನ್ನೂ ಆ ಮಾತು ಉಡುಪಿಗೆ ಬಂದಿರಲಿಲ್ಲ, ಆನ್‌ಲೈನ್ ಎನ್ನುತ್ತಿದ್ದರು.

"ಸರ್, ನಿಮ್ಮ ಬಿಲ್ಲುಗಳೆಲ್ಲ ನಮ್ಮ ಸರ್ವರಿನಲ್ಲಿ ಇರ್ತವೆ. ಉಡುಪಿಯಲ್ಲೂ ತೆಗೆದು ನೋಡಬಹುದು, ಕಾರ್ಕಳದಲ್ಲೂ ನೋಡಬಹುದು."

"ಆ ಸರ್ವರ್ ಎಲ್ಲಿ ಉಂಟು?"

"ಹೊರಗೆ ಸರ್. ಅಮೆರಿಕದಲ್ಲಿ ಇರಬಹುದು."

"ಇರಬಹುದಾ? ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ ಸರ್."

"ಹಾಗಾದ್ರೆ ಬೇರೆಯವರು ಹೇಳಿದ್ದನ್ನು ಕೇಳಿ ಗೊತ್ತು. ಹೌದೋ ಅಲ್ಲವೋ?"

"ಹೌದು ಸರ್."

"ಚಕ್ಕುಬಂದಿ ಹೇಳಿ. ಪೂರ್ವಕ್ಕೆ ಎಂತ ಉಂಟು, ಪಶ್ಚಿಮಕ್ಕೆ ಯಾರ ಜಾಗ?"

ಜಾಗದ ನಾಲ್ಕು ದಿಕ್ಕಿನ ಗಡಿ ಹೇಳಲಾರದವನಿಗೆ ಜಾಗವೇ ಇಲ್ಲ ಎಂಬುದು ಮಾವನ ಮೂವತ್ತು ವರ್ಷಗಳ ಸಿವಿಲ್ ಅನುಭವ. ಯುವಕ ನನ್ನ ಮುಖ ನೋಡಿದ, ನೀರು ಕೇಳಿದ, ಕುಡಿದ, ಹೋದ. ಮೆಟ್ಟಿಲಿಳಿಯುವಾಗ ಟೈ ಬಿಚ್ಚುತ್ತಿದ್ದ.

ಅವನ ಹಿಂದೆಯೇ ಕಾರ್ಕಳದಿಂದ ಇನ್ನೊಬ್ಬರು ಬಂದರು. ಇವರದು ಸೀಡಿಯಲ್ಲಿ ಬರುವ ಸಾಫ್ಟ್‌ವೇರ್. ನಮ್ಮ ಕಂಪ್ಯೂಟರಿಗೇ ಹಾಕಿಕೊಳ್ಳಬೇಕು. ಮಾವ ಅದೇ ಪ್ರಶ್ನೆ ಕೇಳಿದರು.

"ಇದು ಎಲ್ಲಿ ಇರ್ತದೆ?"

"ನಿಮ್ಮ ಮೇಜಿನ ಕೆಳಗೆ ವಕೀಲ್ರೇ."

ಗಡಿಯಾರ ನೋಡಿದೆ. ಮೂರು ನಲವತ್ತು. ಮಾವ ಪೆನ್ನಿನ ಮುಚ್ಚಳ ತೆಗೆದಿದ್ದರು.

ಆತ ಹೋಗುವಾಗ, "ದಿನಾ ಸಂಜೆ ಒಂದು ನಕಲು ಸೀಡಿಗೆ ಹಾಕಿ ಮನೆಗೆ ತಕ್ಕೊಂಡು ಹೋಗಿ, ಒಂದು ವೇಳೆ ಕಂಪ್ಯೂಟರಿಗೆ ಎಂತಾದ್ರೂ ಆದ್ರೆ ಅಂತ" ಎಂದರು. ಮಾವನ ಹುಬ್ಬು ಮೇಲೇರಿತು.

"ನಕಲಾ? ಅದಕ್ಕೆ ದೃಢೀಕರಣ ಯಾರದ್ದು? ಮೂಲಪ್ರತಿ ಕೈಯಲ್ಲಿರುವಾಗ ನಕಲನ್ನು ಯಾವ ಕೋರ್ಟು ಹಿಡೀತದೆ?"

"ಕೋರ್ಟಿಗಲ್ಲ ಮಾರಾಯ್ರೆ, ನಿಮಗೇ ಬೇಕಾಗ್ತದೆ."

"ನನಗೆ ಮೂಲ ಸಾಕು."

ಹೀಗೆ, ಇಡೀ ಕಚೇರಿಯ ಲೆಕ್ಕಕ್ಕೆ ನಕಲಿಲ್ಲದ ಒಂದೇ ಮೂಲಪ್ರತಿ ಮೇಜಿನ ಕೆಳಗೆ ಪ್ರತಿಷ್ಠಾಪನೆಯಾಯಿತು.

ಆದರೆ ಕಾರ್ಕಳದ ಶಾಖೆಗೂ ಲೆಕ್ಕ ಬೇಕಲ್ಲ? ಸೀಡಿಯಲ್ಲಿ ಕಳಿಸಿದರೆ ಅದು ನಕಲು. ಮೂಲ ದಾಖಲೆಯನ್ನು ಖುದ್ದಾಗಿ ಹಾಜರುಪಡಿಸುವುದು ವಕೀಲರ ಪದ್ಧತಿ. ಆದ್ದರಿಂದ ಪ್ರತಿ ಶುಕ್ರವಾರ ಮಾವ ಸೀಪಿಯುವಿನ ವೈರುಗಳನ್ನೆಲ್ಲ ಕಿತ್ತು, ಅದಕ್ಕೊಂದು ಹಳೆಯ ಬೆಡ್‌ಶೀಟ್ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಾರ್ಕಳದ ಬಸ್ಸಿನಲ್ಲಿ ಕೂರುತ್ತಿದ್ದರು. ಪಕ್ಕದಲ್ಲಿ ನಾನು, ಪರಿಚಯ ಇಲ್ಲದವಳಂತೆ. ಈ ವಿದ್ಯೆಯನ್ನು ಅವರಿಂದಲೇ ಕಲಿತಿದ್ದೆ.

"ಎಂತ ವಕೀಲ್ರೇ, ಟೀವಿಯಾ?" ಕಂಡಕ್ಟರ್ ಕೇಳಿದ.

"ಅಲ್ಲ."

"ಮತ್ತೆ? ಗ್ರೈಂಡರಾ?"

"ಕಚೇರಿ."

"ಕಚೇರಿಗೂ ಲಗೇಜ್ ಉಂಟು. ಹಾಫ್ ಟಿಕೆಟ್ ಮಾಡ್ತೇನೆ."

ಒಮ್ಮೆ ಉಡುಪಿಯಲ್ಲಿ ಹತ್ತಿದ ಮೀನು ಮಾರುವ ಹೆಂಗಸೊಬ್ಬಳು ಸೀಟು ಸಿಗದೆ, "ಸ್ವಲ್ಪ ಹಿಡ್ಕೊಳ್ಳಿ ಅಣ್ಣ" ಎಂದು ತನ್ನ ಚೀಲವನ್ನು ಆ ಗಂಟಿನ ಮೇಲಿಟ್ಟಳು. ಮಾವ ಬಾಯಿ ತೆರೆಯುವ ಹಾಗಿಲ್ಲ. ತೆರೆದರೆ ಒಳಗೇನಿದೆ ಎಂದು ಹೇಳಬೇಕಾಗುತ್ತದೆ. ಹಿರಿಯಡ್ಕದಲ್ಲಿ ಅವಳು ಇಳಿಯುವ ಹೊತ್ತಿಗೆ ಬೆಡ್‌ಶೀಟಿನಿಂದ ಬಂಗುಡೆಯ ನೀರು ಇಳಿಯುತ್ತಿತ್ತು. ಆ ತಿಂಗಳು ಕಾರ್ಕಳದ ಶಾಖೆಯಲ್ಲಿ ಫ್ಯಾನ್ ತಿರುಗಿದಾಗೆಲ್ಲ ಮಧ್ಯಾಹ್ನದ ಊಟದ ನೆನಪಾಗುತ್ತಿತ್ತು.

ನಗಬಹುದಾದ ಕಾಲ ಅಲ್ಲಿಗೆ ಮುಗಿಯಿತು ಎನ್ನಲೇ? ಇಲ್ಲ, ಇನ್ನೊಂದಿದೆ.

ನವರಾತ್ರಿ ಕಳೆದರೆ ನಮ್ಮ ಕಡೆ ಮಧ್ಯಾಹ್ನದ ಮೇಲೆ ಪೂರ್ವದಲ್ಲಿ ಕಪ್ಪು ಏರುತ್ತದೆ. ಆಮೇಲೆ ಬರುವುದು ಮಳೆಯಲ್ಲ, ಗುಡುಗು. ಮೊದಲ ಸದ್ದಿಗೇ ಕರಾವಳಿಯ ಮನೆಮನೆಯಲ್ಲಿ ಟೀವಿ, ಫೋನು, ಫ್ರಿಜ್ಜುಗಳ ಪ್ಲಗ್ಗು ಕೀಳುವ ಓಟ ಶುರು. ಮೇಜಿನ ಕೆಳಗೆ ಮೂಲಪ್ರತಿ ಇಟ್ಟುಕೊಂಡವರ ಗತಿ ಕೇಳಬೇಕೆ? ಒಂದು ಮಧ್ಯಾಹ್ನ ಮಾವ ಕೋರ್ಟಿನಲ್ಲಿ ಪಾಟೀಸವಾಲಿನ ನಡುವೆ ಕಿಟಕಿಯತ್ತ ನೋಡಿ ತಡವರಿಸಿದರು. "ಸ್ವಾಮಿ, ಇವತ್ತಿಗೆ ಇಷ್ಟೇ ಸಾಕು, ವಾಯಿದೆ ಬೇಕು" ಎಂದರು. ನ್ಯಾಯಾಧೀಶರು ಕಾರಣ ಕೇಳಿದರು. ಮಾವ ಮತ್ತೆ ಕಿಟಕಿ ನೋಡಿದರು. ಎದುರು ಪಕ್ಷದ ವಕೀಲರು ಎದ್ದು, "ಅವರ ಪ್ಲಗ್ ತೆಗೀಲಿಕ್ಕೆ ಉಂಟು ಸ್ವಾಮಿ" ಎಂದರು. ಕೋರ್ಟು ನಕ್ಕಿತು. ನ್ಯಾಯಾಧೀಶರು ಮಾತ್ರ ತಾವೂ ಕಿಟಕಿ ನೋಡಿ, ಮನೆಗೆ ಫೋನು ಮಾಡಲು ಒಳಗೆ ಎದ್ದು ಹೋದರು.

ಅದಾಗಿ ಕೆಲವು ದಿನಕ್ಕೆ ಬಂದ ಮಧ್ಯಾಹ್ನವನ್ನು ನಾನು ಈಗಲೂ ದಿನಕ್ಕೊಮ್ಮೆ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡುತ್ತೇನೆ. ಎಲ್ಲಾದರೂ ಬೇರೆ ಥರ ಆಗುತ್ತದೋ ಎಂದು. ಆಗುವುದಿಲ್ಲ.

ನಾನೊಬ್ಬಳೇ ಕಚೇರಿಯ ಮಹಡಿಯಲ್ಲಿ ತಿಂಗಳ ಬಿಲ್ಲು ಟೈಪ್ ಮಾಡುತ್ತಿದ್ದೆ. ದೂರದಲ್ಲೊಂದು ಗುಡುಗು. ಇನ್ನೊಂದು ಸಾಲು ಮುಗಿಸಿ ಏಳೋಣ ಎಂದುಕೊಂಡೆ. ಎರಡನೆಯದು ಹೆಂಚಿನ ಮೇಲೇ ಬಿದ್ದ ಹಾಗೆ ಕೇಳಿತು. ಮೇಜಿನ ಹಿಂದೆ ಬಗ್ಗಿದೆ. ಅಲ್ಲಿ ಕರೆಂಟು, ಫೋನು, ಫ್ಯಾಕ್ಸು ಎಲ್ಲದರ ತಂತಿಯೂ ಒಂದೇ ಗಂಟು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಕಪ್ಪು ಕೋಟು, ಒದ್ದೆ ಬೂಟು, ಏದುಸಿರು.

"ಮುಟ್ಟಬೇಡ!"

"ಅರ್ಧ ಬಿಲ್ಲು ಟೈಪಾಗಿದೆ ಮಾವ, ಸೇವ್ ಮಾಡಿದ್ದೇನೆ, ನಿಮ್ಮ ಪೆಟ್ಟಿಗೆಗೆ ಎಂತದೂ ಆಗುವುದಿಲ್ಲ" ಎಂದೆ. ಸಿಟ್ಟು ಬಂದಿತ್ತು. ಮಾತು ಮುಗಿಯುವ ಮೊದಲೇ ಅವರು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು. ನಾನು ಕುರ್ಚಿಯ ಸಮೇತ ಉರುಳಿದೆ. ಬಿದ್ದಲ್ಲಿಂದ ನೋಡಿದರೆ, ನನ್ನ ಕೈ ಇದ್ದ ಜಾಗದಲ್ಲಿ ಅವರ ಕೈ ಇತ್ತು.

ಆಮೇಲೆ ಕೋಣೆ ಬೆಳ್ಳಗಾಯಿತು. ಸದ್ದು ಕೇಳಿದ ನೆನಪಿಲ್ಲ. ಸುಟ್ಟ ವಾಸನೆಯ ನೆನಪಿದೆ. ಮಾವ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ತೆರೆದೇ ಇತ್ತು. ನಾನು ಕೂಗುತ್ತಿದ್ದೆ. ಅವರು ನನ್ನ ತುಟಿಯನ್ನು ನೋಡುತ್ತಿದ್ದರು.

ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ಬಲಗೈ ಸುಟ್ಟಿತ್ತು, ಅದು ವಾಸಿಯಾಗುತ್ತದೆ ಎಂದರು. ಎರಡೂ ಕಿವಿ ಕೇಳುತ್ತಿರಲಿಲ್ಲ. ಅದರ ವಿಷಯ ಕಾದು ನೋಡಬೇಕು ಎಂದರು. ಕಿವಿ ಕೇಳದ ವಕೀಲ ಯಾವ ಸಾಕ್ಷಿಯನ್ನು ಪ್ರಶ್ನಿಸುತ್ತಾನೆ? ಇನ್ನು ಕಂಪ್ಯೂಟರಿನ ಒಳಗೆ ಉಳಿದದ್ದು ಬೂದಿ. ಮೂಲಪ್ರತಿ ಇಲ್ಲ, ನಕಲು ಮೊದಲೇ ಇಲ್ಲ.

ಪೂರ್ತಿ ಎಚ್ಚರವಾಗುತ್ತಲೇ ಮಾವ, ಎಲ್ಲ ಬಿಲ್ಲುಗಳನ್ನೂ ನೆನಪಿನಿಂದಲೇ ಹೇಳುತ್ತೇನೆ, ಬರೆದುಕೋ ಎಂದರು. ಹೇಳಿದರು. ತಮ್ಮ ದನಿ ತಮಗೆ ಕೇಳದ ಕಾರಣ, ಬಸ್‌ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗಿದ ಹಾಗೆ ಹೇಳಿದರು. ಯಾರ ಮೇಲೆ ಯಾರ ದಾವೆ, ಯಾವ ಅಣ್ಣ ಯಾವ ತಂಗಿಯ ಪಾಲು ನುಂಗಿದ, ಒಂದೂ ಉಳಿಯಲಿಲ್ಲ. ಮೂವತ್ತು ವರ್ಷ ಕಾದ ಗುಟ್ಟು ಜನರಲ್ ವಾರ್ಡಿನ ಎರಡೂ ತುದಿಗೆ ತಲುಪಿತು. ಅತ್ತೆ ತುಟಿಗೆ ಬೆರಳಿಟ್ಟು ತೋರಿಸಿದರು.

"ನಾನು ಮೆಲ್ಲಗೇ ಹೇಳ್ತಾ ಇದ್ದೇನೆ" ಎಂದು ಮಾವ ಗರ್ಜಿಸಿದರು.

ಪಕ್ಕದ ಮಂಚದವರು ತಲೆ ಎತ್ತಿ, "ಅವರಿಗೂ ಜಾಗದ ತಕರಾರಾ? ನನ್ನ ಹತ್ರ ಹೇಳಲೇ ಇಲ್ಲ ಆ ಜನ" ಎಂದರು.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಮಾವ ಆ ಮಣಿಪಾಲದ ಯುವಕನನ್ನು ಕರೆಸಲು ಹೇಳಿದರು. ಅವನು ಈ ಸಲ ಟೈ ಇಲ್ಲದೆ, ಹೆದರಿಕೊಂಡೇ ಬಂದ. ಚಕ್ಕುಬಂದಿ ಬರೆದುಕೊಂಡು ಬಂದಿದ್ದನೋ ಏನೋ, ಕೈಯಲ್ಲೊಂದು ಕಾಗದವಿತ್ತು. ಮಾವ ಅದನ್ನು ನೋಡಲಿಲ್ಲ. ಎಡಗೈಯ ಬೆರಳಿನಿಂದ ನನ್ನನ್ನು ತೋರಿಸಿ ಇಡೀ ವಾರ್ಡಿಗೆ ಕೇಳುವಂತೆ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮದನ್ನು ತಕ್ಕೊಂಡ್ರೆ, ಗುಡುಗು ಬಂದಾಗ ಇವಳು ಎಂತ ಮಾಡ್ಬೇಕು?"

ಯುವಕ ಕಾಗದದ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ: 'ಏನೂ ಮಾಡಬೇಕಿಲ್ಲ ಸರ್. ಕಂಪ್ಯೂಟರ್ ಸುಟ್ಟರೆ ಸುಡಲಿ. ಇವರು ಎದ್ದು ದೂರ ಹೋದರಾಯಿತು.'

ಮಾವ ಅದನ್ನು ಎರಡು ಸಲ ಓದಿದರು. ಆಮೇಲೆ ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ನಾಲಿಗೆ ಕಚ್ಚಿಕೊಂಡು, ಸಹಿ ಹಾಕಿದರು.

ಎಡಕಿವಿ ನಿಧಾನವಾಗಿ ವಾಪಸು ಬಂತು. ಸಾಕ್ಷಿಯ ಕಡೆಗೆ ಆ ಕಿವಿ ತಿರುಗಿಸಿ ನಿಂತು, ಒಂದು ಕಿವಿಯಲ್ಲೇ ಪಾಟೀಸವಾಲು ನಡೆಸುವಷ್ಟು ಬಂತು. ನಿದ್ದೆ ಮಾತ್ರ ನಮ್ಮಿಬ್ಬರಿಗೂ ಬರಲಿಲ್ಲ. ರಾತ್ರಿ ಮೋಡ ಸ್ವಲ್ಪ ಗುರುಗುಟ್ಟಿದರೂ ನಾನು ಎದ್ದು ಜಗಲಿಗೆ ಬರುತ್ತಿದ್ದೆ, ಮಾವ ಮೊದಲೇ ಅಲ್ಲಿ ಕೂತಿರುತ್ತಿದ್ದರು.

ದೀಪಾವಳಿ ಕಳೆದು ಒಂದು ಭಾನುವಾರ ಬೆಳಗ್ಗೆ ಎದ್ದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಅಂಗಳ ಒದ್ದೆಯಾಗಿತ್ತು, ತೆಂಗಿನ ಗರಿಗಳು ಅಲ್ಲಲ್ಲಿ ಬಿದ್ದಿದ್ದವು. ಅತ್ತೆ ಕೆಂಪು ಕಣ್ಣಿನಲ್ಲಿ ಚಹಾ ತಂದರು.

"ರಾತ್ರಿ ಇಡೀ ಏನು ಗುಡುಗು ಮಾರಾಯ್ತಿ. ನನಗೆ ಕಣ್ಣು ಮುಚ್ಚಲಿಕ್ಕೆ ಆಗಲಿಲ್ಲ."

"ಮಾವ?"

ಅತ್ತೆ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಸರಿಸಿ ತೋರಿಸಿದರು. ಮಾವ ಕೇಳುವ ಕಿವಿಯನ್ನು ಮೇಲೆ ಮಾಡಿ ಮಲಗಿ, ಗೊರಕೆ ಹೊಡೆಯುತ್ತಿದ್ದರು.