ಶಾಸಕರ ಅಕ್ಕ

ರಾಜಕೀಯದವರ ಮನೆಯಲ್ಲಿ ಹುಟ್ಟಿದವರು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ಪ್ರಸಂಗಗಳು ತಾವಾಗಿ ಬಾಗಿಲಿಗೆ ಬರುತ್ತಲೇ ಇರುತ್ತವೆ. ನಕ್ಕಾದ ಮೇಲೆ ಸ್ವಲ್ಪ ಹೊತ್ತು ಯಾರ ಜೊತೆಗೂ ಮಾತಾಡಬೇಕು ಅನ್ನಿಸಲ್ಲ, ಅಷ್ಟೇ. ನಮ್ಮ ತಾತ ಶಾಸಕರಾಗಿದ್ದರು, ಅಪ್ಪ ಶಾಸಕರಾಗಿದ್ದರು, ಈಗ ತಮ್ಮ. ನಾನು ಮೊದಲು ಶಾಸಕರ ಮೊಮ್ಮಗಳು, ಆಮೇಲೆ ಶಾಸಕರ ಮಗಳು, ಈಗ ಶಾಸಕರ ಅಕ್ಕ. ಬಡ್ತಿಗೇನೂ ಕೊರತೆಯಾಗಿಲ್ಲ.

ಹುಡುಗ ಗಂಭೀರ

ನನ್ನನ್ನು ತರೀಕೆರೆಗೆ ಕೊಟ್ಟಿದ್ದರೂ, ಅಪ್ಪ ಹಾಸಿಗೆ ಹಿಡಿದ ಮೇಲೆ ಕಡೂರಿನ ತವರುಮನೆಯಲ್ಲೇ ಹೆಚ್ಚು ಇರುತ್ತಿದ್ದೆ. ಅಹವಾಲು ತಂದವರನ್ನು ಕೂರಿಸಿ, ಯಾರ ಖಾತೆ ಎಲ್ಲಿ ನಿಂತಿದೆ, ಯಾವ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂತ ಕೇಳಿ, ಫೋನ್ ಮಾಡಿ, ಕೆಲಸ ಮುಗಿಸಿಕೊಡುತ್ತಿದ್ದವಳು ನಾನು. ತಮ್ಮನೋ, ಮದುವೆಮನೆಗಳಲ್ಲಿ ಫೋಟೋ ತೆಗೆಯುತ್ತಿದ್ದ, ಡ್ರೋನ್ ಹಾರಿಸುತ್ತಿದ್ದ. ಅದರಲ್ಲಿ ಅವನಿಗೆ ಒಳ್ಳೆ ಹೆಸರಿತ್ತು.

ಅಪ್ಪ ತೀರಿಕೊಂಡ ಮೇಲೆ ಚುನಾವಣೆ ಹತ್ತಿರ ಬಂತು. ಪಕ್ಷದ ಹಿರಿಯರು ಮನೆಗೆ ಬಂದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಾಫಿ ತಂದಿಟ್ಟು, ಅಲ್ಲೇ ನಿಂತೆ. ಯಾವ ಕೆರೆಗೆ ನೀರು ಬಂದಿಲ್ಲ, ಯಾವ ಊರಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಅವರು ತಮ್ಮನನ್ನು ಕೇಳುತ್ತಾ ಹೋದರು. ಅವನು ನೆಲ ನೋಡಿಕೊಂಡು ಕೂತಿದ್ದ. ಅಷ್ಟಕ್ಕೂ ಉತ್ತರ ಕೊಟ್ಟವಳು ನಾನು.

ಹೊರಡುವಾಗ ಅವರಲ್ಲೊಬ್ಬರು ಅವನ ಬೆನ್ನು ತಟ್ಟಿ ನಮ್ಮಮ್ಮನಿಗೆ ಹೇಳಿದರು: "ಹುಡುಗ ಗಂಭೀರವಾಗಿದ್ದಾನೆ ಕಣಮ್ಮ. ಮಾತು ಕಡಿಮೆ. ನಾಯಕ ಅಂದ್ರೆ ಹಿಂಗಿರ್ಬೇಕು."

ನನ್ನ ಕಡೆ ತಿರುಗಿ, ಕಾಫಿ ಚೆನ್ನಾಗಿತ್ತು ಅಂದರು.

ವೋಟು ಅಪ್ಪನಿಗೇ

ಪ್ರಚಾರಕ್ಕೆ ಸಿಂಗಟಗೆರೆ ಕಡೆ ಹೋಗಿದ್ದೆವು. ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ತೆಂಗಿನಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿತ್ತು. ತಮ್ಮ ಬಗ್ಗಿ ಕಾಲು ಮುಟ್ಟಿದ. ಅಜ್ಜಿ ಅವನ ಗಲ್ಲ ಹಿಡಿದು, ಒಳ್ಳೆಯವರ ಮನೆ ಹುಡುಗ, ನನ್ನ ವೋಟು ಯಾವತ್ತಿದ್ದರೂ ನಿಮ್ಮಪ್ಪನಿಗೇ ಅಂದಿತು. ಅಪ್ಪ ತೀರಿಕೊಂಡಿದ್ದಾರಜ್ಜಿ ಅಂತ ನಾನು ಮೆಲ್ಲಗೆ ಹೇಳಿದೆ. ಅಜ್ಜಿ ಕಡ್ಡಿ ತೆಗೆಯೋದನ್ನೂ ನಿಲ್ಲಿಸಲಿಲ್ಲ.

"ಗೆದ್ದಾಗ್ಲೂ ಈ ಕಡೆ ಬರ್ಲಿಲ್ಲ, ಇನ್ಮೇಲೂ ಬರಲ್ಲ. ವ್ಯತ್ಯಾಸ ಏನಾಯ್ತವ್ವ?"

ಜೊತೆಗಿದ್ದವರು ಬೇಲಿ ಕಡೆ ಮುಖ ತಿರುಗಿಸಿಕೊಂಡು ನಕ್ಕರು. ಕಾರು ಹತ್ತಿದ ಮೇಲೆ ತಮ್ಮ ಕಿಟಕಿ ಇಳಿಸಿ ಅಜ್ಜಿಯ ಜಗಲಿ ಕಡೆ ತಿರುಗಿ ನೋಡಿದ. ಆಮೇಲೆ ಅಂದ: "ಅಕ್ಕ, ಗೆದ್ದ ಮೇಲೆ ಈ ಊರಿಗೊಂದ್ಸಲ ಬರ್ಬೇಕು ಕಣೇ. ನಾನಿನ್ನೂ ಬದುಕಿದ್ದೀನಿ ಅಂತ ತೋರ್ಸಕ್ಕಾದ್ರೂ."

ಫೋಟೋದಲ್ಲಿಲ್ಲದ ಶಾಸಕರು

ಗೆದ್ದ. ಗೆದ್ದ ಮೇಲೆ ಶಾಸಕನಿಗೆ ಮೊದಲ ಕೆಲಸ ಮದುವೆಗಳು. ಅಜ್ಜಂಪುರದಲ್ಲಿ ಪಕ್ಷದವರೊಬ್ಬರ ಮಗಳ ಮದುವೆಗೆ ಹೋದೆವು. ಇವನು ವೇದಿಕೆ ಹತ್ತಿದವನು ಆಶೀರ್ವಾದ ಮಾಡೋದು ಬಿಟ್ಟು, ಹುಡುಗಿಯ ಮುಖದ ಮೇಲೆ ಬೆಳಕು ಸರಿಯಾಗಿ ಬೀಳುತ್ತಿಲ್ಲ ಅಂತ ಫೋಟೋಗ್ರಾಫರ್‌ಗೆ ಹೇಳೋಕೆ ನಿಂತ. ಹೇಳ್ತಾ ಹೇಳ್ತಾ ಕ್ಯಾಮೆರಾ ಇವನ ಕೈಗೇ ಬಂತು. ಧಾರೆ ಮುಗಿಯೋವರೆಗೆ ಕುಂತು, ನಿಂತು, ಬಗ್ಗಿ ಫೋಟೋ ತೆಗೆದ. ಅಪ್ಪ ಹೋದ ಮೇಲೆ ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಇದನ್ನೇ ಮಾಡಿಕೊಂಡು ಇರ್ತೀನಿ ಅಂತ ಇವನು ಹಿರಿಯರು ಮನೆಗೆ ಬಂದ ದಿನವೇ ಯಾಕೆ ಹೇಳಲಿಲ್ಲ ಅನ್ನಿಸಿತು. ಹೇಳಿದ್ದರೆ ಯಾರು ಕೇಳುತ್ತಿದ್ದರು ಅಂತಲೂ ಅನ್ನಿಸಿತು.

ಆಲ್ಬಂ ಬಂದ ಮೇಲೆ ಹುಡುಗಿಯ ತಂದೆ ನನಗೆ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಫೋಟೋಗಳೇನೋ ಬಲು ಚೆನ್ನಾಗಿವೆಯಂತೆ, ಆದರೆ ಶಾಸಕರು ಒಂದರಲ್ಲೂ ಇಲ್ಲ. ಮದುವೆಗೆ ಬಂದೇ ಇಲ್ಲ ಅಂತ ಬೀಗರು ಹಂಗಿಸುತ್ತಿದ್ದಾರಂತೆ.

ಒಬ್ಬ ಹೆಂಗಸಾಗಿ

ಸದನದಲ್ಲಿ ಮೊದಲ ಸಲ ಮಾತಾಡುವ ದಿನ ಬಂತು. ಬಸ್ ನಿಲ್ದಾಣಗಳಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲದ ವಿಷಯ ನನ್ನ ತಲೆಯಲ್ಲಿ ಬಹಳ ದಿನದಿಂದ ಇತ್ತು. ಭಾಷಣ ನಾನೇ ಬರೆದು ಕೊಟ್ಟೆ. ಓದಿ ನೋಡಿಕೋ ಅಂತ ಹೇಳಿದ್ದೆ. ಅವನು ಓದಿ ನೋಡಿಕೊಂಡದ್ದು ಸದನದಲ್ಲೇ.

ನಾನೂ ಅಮ್ಮನೂ ಟಿವಿ ಮುಂದೆ ಕೂತಿದ್ದೆವು. ಅವನು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿ ಶುರು ಮಾಡಿದ: "ಮಾನ್ಯ ಸಭಾಧ್ಯಕ್ಷರೇ, ಒಬ್ಬ ಹೆಂಗಸಾಗಿ, ಎರಡು ಮಕ್ಕಳ ತಾಯಿಯಾಗಿ ನಾನು ಈ ಮಾತು ಹೇಳುತ್ತಿದ್ದೇನೆ."

ಹಿಂದಿನ ಸಾಲಿನಿಂದ ಯಾರೋ, "ಮುಂದುವರಿಸಿ ತಾಯಿ" ಅಂದರು. ಇಡೀ ಸದನ ನಕ್ಕಿತು. ಅಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಬರೆದ ಎರಡನೇ ವಾಕ್ಯ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮೊದಲನೆಯದಕ್ಕಿಂತ ಅದೇ ಚೆನ್ನಾಗಿತ್ತು.

ಒಳಗೆ, ಹೊರಗೆ

ಆ ನಗುವಿನಿಂದ ವಿಷಯ ಎಲ್ಲರ ಬಾಯಿಗೆ ಬಿತ್ತು. ಶಿವನಿ ದಾರಿಯ ಒಂದು ಊರಿನ ಬಸ್ ನಿಲ್ದಾಣದಲ್ಲಿ ಮಹಿಳಾ ಶೌಚಾಲಯ ಎದ್ದೇ ಬಿಟ್ಟಿತು. ಉದ್ಘಾಟನೆಗೆ ಶಾಮಿಯಾನ, ಮೈಕು, ಹಾರ. ಕಲ್ಲಿನ ಮೇಲೆ ತಮ್ಮನ ಹೆಸರು, ಅದರ ಕೆಳಗೆ ಒಂದಷ್ಟು ಗಂಡಸರ ಹೆಸರು. ತಮ್ಮ ಟೇಪು ಕತ್ತರಿಸಿ, ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಥಟ್ಟನೆ ಹಿಂದಕ್ಕೆ ತೆಗೆದ. ಒಳಗೆ ಹೋಗುವ ಹಾಗಿಲ್ಲವಲ್ಲ. ವೇದಿಕೆ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನನ್ನನ್ನು ಕಳಿಸಿದರು.

ಹೀಗೆ ನಮ್ಮ ಮನೆತನದ ರಾಜಕೀಯದಲ್ಲಿ ಮೊದಲ ಸಲ ನಾನು ಒಳಗೆ, ಗಂಡಸರೆಲ್ಲ ಹೊರಗೆ.

ನಲ್ಲಿ ತಿರುಗಿಸಿದೆ. ಬುಸ್ ಅಂತ ಗಾಳಿ ಬಂತು. ನೀರಿಲ್ಲ ಕಣೋ ಅಂತ ಒಳಗಿಂದಲೇ ಕೂಗಿದೆ. ತಮ್ಮನ ಕೈಯಲ್ಲಿ ಮೈಕಿದ್ದದ್ದು ಅವನಿಗೆ ಮರೆತೇ ಹೋಗಿತ್ತು.

"ಈಗೇನ್ ಮಾಡ್ಲಿ ಅಕ್ಕ?"

ಊರಿಗೆಲ್ಲ ಕೇಳಿಸಿತು. ಆಮೇಲೆ, ನಿಲ್ದಾಣದಲ್ಲಿ ಹೂ ಮಾರುವ ಹೆಂಗಸಿನ ದನಿ ಕಿಟಕಿಯಿಂದ ನನಗೂ ಸ್ಪಷ್ಟವಾಗಿ ಕೇಳಿತು: "ಎಲ್ಲಾನೂ ಅವಳನ್ನೇ ಕೇಳೋದಾದ್ರೆ ಅವಳನ್ನೇ ನಿಲ್ಸ್‌ಬೋದಿತ್ತಲ್ಲ ಕಣ್ರೀ."

ಶಾಮಿಯಾನವೇ ಹಾರಿಹೋಗುವ ಹಾಗೆ ಜನ ನಕ್ಕರು. ತಮ್ಮನೂ ನಗುತ್ತಿದ್ದ, ಮೈಕಿನಲ್ಲಿ ಕೇಳುತ್ತಿತ್ತು. ಒಳಗೆ ಒಬ್ಬಳೇ ನಿಂತು ನಾನೂ ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ಬಂದ ನೀರು ಯಾಕೋ ನಿಲ್ಲಲೇ ಇಲ್ಲ. ಇಷ್ಟು ಜನರ ಮುಂದೆ ಹೀಗೆ ಹೋಗೋದು ಹೇಗೆ, ಮುಖ ತೊಳೆದುಕೊಂಡೇ ಹೋಗೋಣ ಅಂದರೆ, ನಲ್ಲಿಯಲ್ಲಿ ಒಂದು ಹನಿ ಇಲ್ಲ.