ಆರ್ವಿಲ್‌ಗಾಗಿ ಒಂಬತ್ತು ಉಂಗುರ

ಥರ್ಮನ್ ಗಿಬ್ಸ್ ಅವತ್ತು ಬೆಳಿಗ್ಗೆ ಡೆಲ್ಮಸ್‌ನ ಗಾಳದಂಗಡಿಗೆ ಹೋಗದೆ ನೇರವಾಗಿ ದೋಣಿಕಟ್ಟೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೋದ. ಅಂಗಡಿಗೇ ಹೋಗಿ, "ನನ್ನ ಕೋಲಿಗೆ ಈ ಉಂಗುರಗಳೇ ಸಾಕಾ, ಬದಲಾಯಿಸ್ಬೇಕಾ?" ಎಂದು ಬಾಯಿಬಿಟ್ಟು ಕೇಳಿಯೂಬಿಟ್ಟ. ನಮ್ಮ ಬಕ್‌ಹಾರ್ನ್ ಜಲಾಶಯದ ದಂಡೆಯಲ್ಲಿ, ಅದೂ ಜನವರಿಯಲ್ಲಿ, ಗಾಳದ ಕೋಲಿನಲ್ಲಿ ದಾರ ಹಾಯುವ ಉಂಗುರದ ಬಗ್ಗೆ ಇನ್ನೊಬ್ಬರ ಅಭಿಪ್ರಾಯ ಕೇಳುವವನಿಗೆ ಏನನ್ನಬೇಕೋ ನನಗಂತೂ ಗೊತ್ತಿಲ್ಲ.

ಅವನ ಆತಂಕಕ್ಕೆ ಕಾರಣವಿತ್ತು ಬಿಡಿ. ನಲವತ್ತು ಚಳಿಗಾಲ ಅವನ ಜೊತೆ ಒಂದೇ ದೋಣಿಯಲ್ಲಿ ಕೂತಿದ್ದ ಆರ್ವಿಲ್ ನವೆಂಬರಿನಲ್ಲಿ ತೀರಿಕೊಂಡಿದ್ದ. ಶ್ವಾಸಕೋಶ ಕೈಕೊಟ್ಟಿತ್ತು. ಆಸ್ಪತ್ರೆಯ ಮಂಚದಿಂದಲೇ ಥರ್ಮನ್‌ನ ಮಣಿಕಟ್ಟು ಹಿಡಿದು ಅವನು ಮಾತು ತೆಗೆದುಕೊಂಡಿದ್ದ.

"ನನ್ನ ಬೂದೀನ ಗಾಳದ ದಾರದ ಒಂದು ಟೊಳ್ಳು ತೇಲುಗುಂಡಿನೊಳಗೆ ತುಂಬ್ಸು. ಬಿಳಿಬಂಡೆ ಬುಡಕ್ಕೆ ಎಸಿ. ಆದ್ರೆ ಮೊದ್ಲು ಅಲ್ಲಿ ನನ್ನ ಹೆಸರಲ್ಲಿ ಒಂದು ಮೀನು ಹಿಡಿದು, ವಾಪಸ್ ನೀರಿಗೆ ಬಿಟ್ಬಿಡು."

"ಆಯ್ತು ಕಣೋ."

"ಕೈಯಲ್ಲಿ ಎಸೀಬೇಡ. ಕೋಲಲ್ಲೇ ಎಸಿ. ಕೈಲಿ ಎತ್ತಿ ಎಸೆಸ್ಕೊಳ್ಳೋಕೆ ನಾನೇನು ಕಪ್ಪೆ ಅಲ್ಲ."

ಬಿಳಿಬಂಡೆಯ ಬುಡದಲ್ಲಿಯೇ ಆರ್ವಿಲ್ ತನ್ನ ಜೀವಮಾನದ ದೊಡ್ಡ ಬಾಸ್ ಮೀನನ್ನು ಕಳೆದುಕೊಂಡದ್ದು. ಆ ಚಳಿಗೆ ಬಾಸ್ ಮೀನು ಹನ್ನೊಂದಡಿ ಆಳದಲ್ಲಿ ಮಂಕಾಗಿ ನಿಂತಿರುತ್ತದೆ. ಗರಿ ಕಟ್ಟಿ ಮಾಡಿದ ಉಗುರಿನಷ್ಟು ಪುಟ್ಟ ನಕಲಿ ಹುಳವನ್ನು ತೇಲುಗುಂಡಿನ ಕೆಳಗೆ ಅಷ್ಟು ಉದ್ದ ಇಳಿಬಿಟ್ಟು, ಮೀನಿನ ಮೂತಿಯ ಮುಂದೆ ಸುಮ್ಮನೆ ತೂಗಾಡಿಸಬೇಕು. ಅಷ್ಟುದ್ದ ದಾರ ಬೀಸಲು ಕೋಲೂ ಒಂಬತ್ತು ಹತ್ತಡಿ ಬೇಕು. ಆರ್ವಿಲ್‌ನ ಹತ್ತಡಿ ಕೋಲನ್ನೇ ಕೊಡೆಂದು ಥರ್ಮನ್ ಗೆಳೆಯನ ಹೆಂಡತಿ ಒಪಲ್‌ಳನ್ನು ಕೇಳಿದ್ದ. "ಅದು ಮನೇಲಿರ್ಲಿ," ಎಂದಿದ್ದಳು ಅವಳು. ಹಾಗಾಗಿ ಥರ್ಮನ್‌ಗೆ ತನ್ನ ಒಂಬತ್ತೂವರೆ ಅಡಿಯ ಕೋಲೇ ಗತಿಯಾಯಿತು.

ಡೆಲ್ಮಸ್ ಆ ಕೋಲನ್ನು ಬೆಳಕಿಗೆ ಹಿಡಿದು, ಎಕ್ಸ್-ರೇ ನೋಡುವ ಡಾಕ್ಟರನಂತೆ ಮುಖ ಸಣ್ಣ ಮಾಡಿದ.

"ಇಷ್ಟು ದೊಡ್ಡ ಉಂಗುರ ಹಾಕ್ಕೊಂಡು ಬೀಸಿದ್ರೆ ಆರ್ವಿಲ್ ಅರ್ಧದಾರೀಲೇ ಬೀಳ್ತಾನೆ. ಚಿಕ್ಕ ಉಂಗುರ ಹಾಕು. ತುದಿ ಹಗುರ ಆಗುತ್ತೆ, ಗುಂಡು ದೂರ ಹೋಗುತ್ತೆ."

ಥರ್ಮನ್‌ನ ಪಕ್ಕದ ಮನೆಯ ಲೊನಿ ಒಲೆಯ ಹತ್ತಿರ ಸಾಸೇಜ್ ಇಟ್ಟ ಬನ್ನು ತಿನ್ನುತ್ತಾ ಕೂತಿದ್ದವನು ಎದ್ದೇ ಬಂದ. "ಚಿಕ್ಕ ಉಂಗುರದಲ್ಲಿ ಹತ್ತು ನಿಮಿಷಕ್ಕೆ ಮಂಜುಗಡ್ಡೆ ಕಟ್ಕೊಳ್ಳುತ್ತೆ, ಮಾರಾಯ. ಹೊರಗೆ ನೋಡು, ನಾಯಿ ಮೀಸೇಲೂ ಮಂಜಿದೆ. ದೊಡ್ಡವೇ ಇರ್ಲಿ."

"ನಿಂಗೇನು ಗೊತ್ತು? ಹೋದ ವರ್ಷ ನೀನು ಹಿಡಿದಿದ್ದು ನೆಗಡಿ ಒಂದೇ."

ಅರ್ಧ ಗಂಟೆ ಇಬ್ಬರೂ ಜಗಳಾಡಿದರು. ಯಾರ ಮನಸ್ಸನ್ನೂ ನೋಯಿಸಲಾರದ ಥರ್ಮನ್, ಒಂಬತ್ತು ಉಂಗುರಗಳಲ್ಲಿ ಬುಡದ ನಾಲ್ಕು ದೊಡ್ಡವೇ ಇರಲಿ, ತುದಿಯ ಐದು ಚಿಕ್ಕವಾಗಲಿ ಎಂದು ರಾಜಿ ಮಾಡಿದ. ಹೊಸ ಉಂಗುರಕ್ಕೆ ನೂಲು ಸುತ್ತಿ ಅಂಟು ಹಾಕಿ ಒಂದು ದಿನ ಒಣಗಿಸಬೇಕು. ಒಪಲ್ ಆಗಲೇ ದೋಣಿಕಟ್ಟೆಯಲ್ಲಿ ಕಾಯುತ್ತಿದ್ದಳು. ಡೆಲ್ಮಸ್ ಹಳೆಯವನ್ನು ಚಾಕುವಿನಿಂದ ಕಿತ್ತು, ಹೊಸವಕ್ಕೆ ಕರೆಂಟಿನವರ ಕಪ್ಪು ಟೇಪು ಸುತ್ತಿಕೊಟ್ಟ. ಮಂಜು ಕಟ್ಟದಿರಲಿ ಎಂದು ಅವನೇ ಉಂಗುರಗಳಿಗೆ ತುಟಿಗೆ ಹಚ್ಚುವ ಮೇಣ ತೀಡಿದ. ಅಂಗಡಿ ದಾಟಿದ ಮೇಲೆ ಲೊನಿ ಅದರ ಮೇಲೇ ಬೆಣ್ಣೆ ಪರಿಮಳದ ಅಡುಗೆ ಎಣ್ಣೆ ಸಿಂಪಡಿಸಿದ. ಥರ್ಮನ್ ಇಬ್ಬರಿಗೂ ಥ್ಯಾಂಕ್ಸ್ ಹೇಳಿದ.

ಒಪಲ್ ಮೊಟ್ಟೆಯ ಪೆಟ್ಟಿಗೆಯಲ್ಲಿ ತೇಲುಗುಂಡನ್ನಿಟ್ಟು ತಂದಿದ್ದಳು. ತಾನೇ ತುಂಬಿ, ತಾನೇ ಅಂಟು ಮುಚ್ಚಿದ್ದಳು. ದೋಣಿಯಲ್ಲೂ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಥರ್ಮನ್‌ಗೆ ಅವಳ ಮುಖ ನೋಡಲು ಆಗಲಿಲ್ಲ. ಡೆಲ್ಮಸ್ ಮತ್ತು ಲೊನಿಯನ್ನು ಯಾರೂ ಕರೆದಿರಲಿಲ್ಲ, ಆದರೂ ಇಬ್ಬರೂ ದೋಣಿಯೊಳಗಿದ್ದರು.

ಆರ್ವಿಲ್ ಹೆಸರಿನ ಮೀನು ಸಿಗಲು ಒಂದೂಕಾಲು ಗಂಟೆ ಹಿಡಿಯಿತು. ಪ್ರತಿ ಸಲ ಒದ್ದೆ ದಾರ ಸುತ್ತಿಕೊಂಡಾಗಲೂ ಉಂಗುರದಲ್ಲಿ ಒಂದಿಷ್ಟು ಮಂಜು ನಿಂತಿತು. ಮೇಣವೂ ಎಣ್ಣೆಯೂ ಸೇರಿ ಗಟ್ಟಿಯಾಗಿ ಅಂಟಿನ ಉಂಡೆಯಾದವು. ಕಡೆಗೆ ಅಂಗೈಯಗಲದ ಒಂದು ಮರಿ ಬಾಸ್ ಸಿಕ್ಕಿತು. ಥರ್ಮನ್ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟು, ಟೋಪಿ ತೆಗೆದು, ಬೂದಿಯ ಗುಂಡನ್ನು ದಾರಕ್ಕೆ ಕಟ್ಟಿದ.

"ಹೋಗಿ ಬಾರೋ, ಆರ್ವಿಲ್," ಎಂದ. ಅವನ ಕಣ್ಣು ತುಂಬಿತ್ತು.

ಬೀಸಿದ. ದಾರ ಮಂಜಿನಲ್ಲಿ ಕಚ್ಚಿಕೊಂಡಿತು. ಚಳಿಗೆ ಸೆಟೆದಿದ್ದ ಟೇಪು ಬಿಟ್ಟುಕೊಂಡು, ಐದೂ ಚಿಕ್ಕ ಉಂಗುರಗಳು ಸರದ ಮಣಿಯಂತೆ ಸರಸರನೆ ಕೋಲಿನ ತುದಿಗೆ ಜಾರಿದವು. ಆರ್ವಿಲ್ ದೋಣಿಯಿಂದ ಎರಡು ಮೊಳ ದೂರದಲ್ಲಿ ಬಿದ್ದ.

"ಹೇಳಿದ್ನಲ್ಲ, ಮಂಜು ಕಟ್ಕೊಳ್ಳುತ್ತೆ ಅಂತ," ಎಂದ ಲೊನಿ.

"ಮಂಜಲ್ಲ ಅದು, ನಿನ್ನ ಬೆಣ್ಣೆ," ಎಂದ ಡೆಲ್ಮಸ್.

ದಾರ ಕಡಿದಿದ್ದ ಗುಂಡು ತೇಲಿ ದೂರ ಸರಿಯತೊಡಗಿತು. ಥರ್ಮನ್ ಬಗ್ಗಿದ. ಇನ್ನೊಂದಿಷ್ಟು ಬಗ್ಗಿದ. ಆಮೇಲೆ ದೋಣಿಯಲ್ಲಿ ಮೂವರೇ ಉಳಿದರು.

ಆ ನೀರಿಗೆ ಬಿದ್ದವನಿಗೆ ಕೂಗಲೂ ಉಸಿರು ಬರುವುದಿಲ್ಲ. ಮೂವರೂ ಕಾಲರ್ ಹಿಡಿದು ಎಳೆದುಹಾಕಿದಾಗ ಅವನ ತುಟಿ ನೀಲಿಯಾಗಿತ್ತು, ಕೋಲು ತಳ ಸೇರಿತ್ತು, ಮುಷ್ಟಿಯಲ್ಲಿ ಮಾತ್ರ ಗುಂಡು ಭದ್ರವಾಗಿತ್ತು.

"ಕೈಯಲ್ಲೇ ಎಸೆದ್ಬಿಡು, ಸಾಯ್ತೀಯ," ಎಂದ ಡೆಲ್ಮಸ್.

"ಕೋ... ಕೋಲಲ್ಲೇ. ಮಾತು ಕೊಟ್ಟಿದೀನಿ."

ಲೊನಿಯ ಕೋಲು ಅವತ್ತು ನೀರನ್ನೇ ಮುಟ್ಟಿರಲಿಲ್ಲ. ಅದರ ದೊಡ್ಡ ಉಂಗುರಗಳು ಒಣಗಿದ್ದವು. ಥರ್ಮನ್ ಅದರ ದಾರಕ್ಕೆ ಗುಂಡನ್ನು ಕಟ್ಟಿ ಬೀಸಿದ. ಗುಂಡು ನೆಟ್ಟಗೆ ಹಾರಿ ಬಿಳಿಬಂಡೆಗೆ ಬಡಿದು ಒಡೆಯಿತು. ಬೂದಿ ನೀರಿನ ಮೇಲೆ ಹರಡಿತು. ಅದರ ನಡುವೆ ಕರಿಯ ಚೂರೊಂದು ತೇಲುತ್ತಾ ಹೋಯಿತು.

"ಅಲ್ನೋಡಿ, ಆರ್ವಿಲ್ ಈಜ್ತಿದಾನೆ," ಎಂದ ಲೊನಿ. ಥರ್ಮನ್ ಬಿಕ್ಕಿ ಬಿಕ್ಕಿ ಅತ್ತ. ಒಪಲ್ ಆ ಚೂರನ್ನೇ ನೋಡುತ್ತಿದ್ದಳು.

ಅವನನ್ನು ಮನೆಗೆ ಬಿಡಲು ಅವಳೇ ತನ್ನ ಕಾರಿನಲ್ಲಿ ಹೊರಟಳು. ಹೀಟರ್ ಜೋರಾಗಿ ಹಾಕಿ, ತನ್ನ ಕೋಟನ್ನೂ ಹೊದಿಸಿದಳು. ಥರ್ಮನ್ ಹಲ್ಲು ಕಟಕಟಿಸುತ್ತಲೇ ಹೇಳಿದ, "ಕ್ಷಮಿಸು, ಒಪಲ್. ಏನೇನೋ ಆಗ್ಹೋಯ್ತು. ಆದ್ರೂ ಅವನು ಅಂದ್ಕೊಂಡ ಜಾಗ ಸೇರ್ದ."

ಒಪಲ್ ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿದಳು.

"ಅದು ಒಲೆ ಬೂದಿ, ಥರ್ಮನ್."

ಅವನ ಹಲ್ಲಿನ ಸದ್ದು ನಿಂತುಹೋಯಿತು.

"ಆರ್ವಿಲ್ ಮನೇಲಿದಾನೆ. ಅಡುಗೆಮನೆ ಶೆಲ್ಫಿನಲ್ಲಿ, ಹಿಟ್ಟಿನ ಡಬ್ಬಿ ಪಕ್ಕ. ಅವನ ಕೋಲೂ ಅಲ್ಲೇ ಇದೆ."

"ನಾನು ಸಾಯೋನಿಗೆ ಮಾತು ಕೊಟ್ಟಿದ್ದೆ, ಒಪಲ್."

"ನೀನು ಕೊಟ್ಟೆ, ಅವನು ತಗೊಂಡ. ನನ್ನನ್ನ ಯಾರಾದ್ರೂ ಕೇಳಿದ್ರಾ? ನಲವತ್ತು ಚಳಿಗಾಲ, ಶನಿವಾರ ಬಂದ್ರೆ ಊಟ ಮುಚ್ಚಿಟ್ಕೊಂಡು ಕಿಟಕೀಲಿ ಕೂತಿದ್ದೆ. ಬದುಕಿದ್ದಾಗ ಆ ನೀರಿಗೆ ಕೊಟ್ಟಿದ್ದೇ ಸಾಕು."

ಥರ್ಮನ್ ಹೊದ್ದಿದ್ದ ಅವಳ ಕೋಟನ್ನು ಬಿಗಿಯಾಗಿ ಎಳೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಒಂದೇ ಒಂದು ಚಮಚ?"

"ಕಾಲು ಚಮಚಾನೂ ಇಲ್ಲ. ಇನ್ನೊಂದು, ಆ ಇಬ್ಬರಿಗೂ ಇದು ಗೊತ್ತಾಗ್ಬಾರ್ದು. ಮಾತು ಕೊಡು."

ಕೊಡದೆ ಏನು ಮಾಡುತ್ತಾನೆ? ಅವಳ ಕಣ್ಣು ಕೆಂಪಾಗಿತ್ತು. ಮಾತು ಕೊಟ್ಟ.

ಮನೆ ಮುಟ್ಟಿದಾಗ ಲೊನಿ ಮೆಟ್ಟಿಲ ಮೇಲೆ ಆಗಲೇ ಕಾಯುತ್ತಾ ಕೂತಿದ್ದ. "ನಾನೂ ಡೆಲ್ಮಸ್ಸೂ ತೀರ್ಮಾನ ಮಾಡಿದೀವಿ," ಎಂದ. "ಪ್ರತಿ ಜನವರೀಲೂ ಇದೇ ದಿನ ಬಿಳಿಬಂಡೆಗೆ ಹೋಗಿ ಆರ್ವಿಲ್‌ಗೆ ಒಂದು ಮೀನು ಹಿಡಿದು ಬಿಡೋದು. ಮುಂದೆ ನಿಂತು ನಡೆಸೋನು ನೀನೇ. ಕೋಲು ನನ್ನದೇ."

ಥರ್ಮನ್ ಒದ್ದೆ ಬೂಟು ಕಳಚುತ್ತಾ, ಆಗಲಿ ಎಂದ.